ಅಯ್ಯನ ಹೋಟೆಲಿನ ಸಾಂಬಾರು

ಹೋಟೆಲು ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ನನ್ನನ್ನು ಕಂಡಾಗ ಕೇಳುವುದು ಒಂದೇ ಮಾತು, "ತಿಮ್ಮಪ್ಪಣ್ಣ, ಈ ಕೆಲಸದಲ್ಲಿ ಮೇಲೆ ಬರೋದು ಹ್ಯಾಗೆ?" ನನ್ನನ್ನು ನೋಡಿಯೂ ಹೀಗೆ ಕೇಳುತ್ತಾರಲ್ಲ ಎಂದು ನಗು ಬರುತ್ತದೆ. ಸಪ್ಲೈಯರ್ ಆಗಿ ಸೇರಿದವನು ನಾನು, ಸಪ್ಲೈಯರ್ ಆಗಿಯೇ ಕೆಲಸ ಬಿಟ್ಟೆ. ನಡುವೆ ಬಾಳೆಹೊನ್ನೂರಿನ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರಿಸಿದ್ದರು. ಕೂತಲ್ಲೇ ಕೂತು ಸೊಂಟ ಹಿಡಿದುಕೊಂಡಿತು, ವಾಪಸು ತಟ್ಟೆ ಎತ್ತುವುದಕ್ಕೇ ಬಂದೆ. ಮೇಲೆ ಬರುವ ದಾರಿ ನನಗೆ ಗೊತ್ತಿಲ್ಲ ಮಾರಾಯರೆ. ಒಂದು ಹೋಟೆಲಿಗೆ ಜನ ಮತ್ತೆ ಮತ್ತೆ ಯಾಕೆ ಬರುತ್ತಾರೆ ಎಂಬುದು ಸ್ವಲ್ಪ ಗೊತ್ತು. ಅದನ್ನು ಕಲಿತದ್ದು ಕೊಪ್ಪದಲ್ಲಿ, ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ, ಅಯ್ಯನ ಹೋಟೆಲಿನಲ್ಲಿ.

ಆ ಹೋಟೆಲಿಗೆ ಒಂದು ಬೋರ್ಡು ಇತ್ತು, ಬೋರ್ಡಿನ ಮೇಲೆ ದೇವರ ಹೆಸರೂ ಇತ್ತು. ಆ ಹೆಸರು ಹೇಳಿ ದಾರಿ ಕೇಳಿದರೆ ಬಾಗಿಲ ಎದುರು ನಿಂತವನೂ ತಲೆ ಕೆರೆದುಕೊಳ್ಳುತ್ತಿದ್ದ. ಎಲ್ಲರ ಬಾಯಲ್ಲೂ ಅದು ಅಯ್ಯನ ಹೋಟೆಲು. ಅಯ್ಯ ಎಂದರೆ ಮಾಲೀಕರು, ಅನಂತಯ್ಯನವರು. ಮಾತು ಕಡಿಮೆ, ಸಿಟ್ಟು ಜಾಸ್ತಿ. ಹೋಟೆಲೂ ಹಾಗೆಯೇ ಇತ್ತು, ಗಿರಾಕಿಯನ್ನು ಓಲೈಸುವಂಥದ್ದು ಅಲ್ಲಿ ಏನೂ ಇರಲಿಲ್ಲ. ಕಾಲು ಅಲುಗಾಡುವ ಬೆಂಚು, ಹೊಗೆ ಹಿಡಿದ ಗೋಡೆ, ತಿರುಗಿದರೆ ಗಾಳಿಗಿಂತ ಸದ್ದೇ ಹೆಚ್ಚು ಬರುವ ಫ್ಯಾನು. ಈಗ ಆ ಜಾಗದಲ್ಲಿ ಚಪ್ಪಲಿ ಅಂಗಡಿ ಇದೆ. ಕೊಪ್ಪಕ್ಕೆ ಹೋದಾಗ ರಸ್ತೆಯ ಆ ಬದಿ ಬಿಟ್ಟು ಈ ಬದಿಯಲ್ಲಿ ನಡೆಯುತ್ತೇನೆ.

ನಮ್ಮದು ಎನ್.ಆರ್. ಪುರ ತಾಲೂಕಿನ ಮುತ್ತಿನಕೊಪ್ಪ. ಅಪ್ಪ, ಅವ್ವ ಇಬ್ಬರೂ ಬೇರೆಯವರ ತೋಟಕ್ಕೆ ಕೂಲಿಗೆ ಹೋಗುತ್ತಿದ್ದವರು. ನನಗೆ ಅಡಿಕೆ ಮರ ಹತ್ತುವ ಧೈರ್ಯವಿರಲಿಲ್ಲ. "ಮರ ಹತ್ತದೇ ಇರೋನು ಪೇಟೆ ಸೇರ್ಬೇಕು" ಎಂದು ಅಪ್ಪ ಬಸ್ಸು ಹತ್ತಿಸಿದ. ಅಯ್ಯನ ಹೋಟೆಲಿಗೆ ಬಂದಾಗ ನನಗೆ ಮೀಸೆ ಚೆನ್ನಾಗಿಯೇ ಬಂದಿತ್ತು. ಬುದ್ಧಿ ಇನ್ನೂ ಬಸ್ಸಿನಲ್ಲಿತ್ತು.

ಈ ಕಾಲದ ಹುಡುಗರಿಗೆ ಹೇಳುತ್ತೇನೆ, ಆಗ ಬರೆದುಕೊಳ್ಳುವ ಪದ್ಧತಿ ಇರಲಿಲ್ಲ. ನಾಲ್ಕು ಟೇಬಲಿನವರು ಹೇಳಿದ್ದನ್ನು ತಲೆಯಲ್ಲಿ ಇಟ್ಟುಕೊಂಡು "ಎರಡು ಇಡ್ಲಿ, ಒಂದು ಖಾಲಿ ದೋಸೆ, ಒಂದು ಸಪ್ಪೆ ಕಾಫೀ" ಎಂದು ಅಡಿಗೆಮನೆಯ ಕಿಂಡಿಗೆ ಕೂಗಬೇಕು. ಕಿಂಡಿ ಎಂದರೆ ಗೋಡೆಯಲ್ಲಿದ್ದ ಚೌಕದ ಕಂಡಿ, ತಟ್ಟೆಗಳು ಅದರಿಂದ ಹೊರಗೆ ಬರುತ್ತಿದ್ದವು. ನಮ್ಮಂಥವರು ಅಡಿಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಅದು ಯಾರೂ ಹೇಳಿಕೊಟ್ಟ ನಿಯಮವಲ್ಲ, ಎಲ್ಲರಿಗೂ ಗೊತ್ತಿದ್ದದ್ದು.

ಇನ್ನೊಂದು ಪದ್ಧತಿ ಇತ್ತು. ದಿನಾ ಬರುವ ಗಿರಾಕಿಯನ್ನು ಏನು ಬೇಕು ಎಂದು ಕೇಳಬಾರದು. ಕೇಳಿದರೆ ಅವರಿಗೆ ಅವಮಾನ. ಅವರು ಕೂರುವಷ್ಟರಲ್ಲಿ ಅವರದ್ದು ಬಂದಿರಬೇಕು. ಈ ಪದ್ಧತಿಯಿಂದ ಆದ ಒಂದು ಎಡವಟ್ಟು ಹೇಳಬೇಕು. ಶೃಂಗೇರಿಯ ಕಡೆಯಿಂದ ಮೊದಲ ಬಸ್ಸಿಗೆ ಪುರೋಹಿತರೊಬ್ಬರು ಬರುತ್ತಿದ್ದರು. ಬೆಂಚಿನ ಮೇಲೆ ಕೂತು ಪೇಪರು ಬಿಡಿಸಿದರೆಂದರೆ ಇಡ್ಲಿ ಇಡುವುದು ನನ್ನ ಕೆಲಸ. ಒಂದು ದಿನ ಹಾಗೆಯೇ ಇಟ್ಟೆ. ಅವರು ಪೇಪರು ಓದುತ್ತಾ ಅರ್ಧ ತಿಂದು ಥಟ್ಟನೆ ಕೈ ನಿಲ್ಲಿಸಿ, "ತಿಮ್ಮಾ, ಇವತ್ತು ಏಕಾದಶಿ ಅಲ್ದನಾ?" ಎಂದರು. ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಎನಿಸಿತು. ಅವರು ತಟ್ಟೆ ನೋಡಿದರು, ನನ್ನನ್ನು ನೋಡಿದರು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡರು. "ತಪ್ಪೋದು ತಪ್ಪಿ ಆಯ್ತು ಮಾರಾಯ. ಈಗ ಒಂಚೂರು ಚಟ್ನಿ ಹಾಕು" ಎಂದರು. ಅಲ್ಲಿಂದ ಮುಂದೆ ಪಂಚಾಂಗದ ಹಾಳೆಯನ್ನು ಕಿಂಡಿಯ ಪಕ್ಕದಲ್ಲೇ ಅಂಟಿಸಿಕೊಂಡೆ.

ಇಷ್ಟೆಲ್ಲ ಜನ ಬರುತ್ತಿದ್ದದ್ದು ಸಾಂಬಾರಿಗೆ. ಅದನ್ನು ಮಾಡುತ್ತಿದ್ದವರು ಸುಬ್ರಾಯ ಭಟ್ಟರು. ತೆಳ್ಳಗೆ, ಎತ್ತರಕ್ಕೆ, ಬೆಂಕಿಯ ಮುಂದೆ ನಿಂತು ನಿಂತು ಒಣಗಿದ ಮೈ. ಸಂಸಾರ ಮಾಡಿಕೊಂಡವರಲ್ಲ. ಚಿಕ್ಕಂದಿನಿಂದ ಮದುವೆ ಮನೆ, ಮಠದ ಮನೆ, ಹೋಟೆಲು ಎಂದು ಬೇರೆಯವರ ಒಲೆಗಳ ಮುಂದೆಯೇ ಬೆಳೆದವರು. ಮಲಗುತ್ತಿದ್ದದ್ದೂ ಅಡಿಗೆಮನೆಯ ಹಿಂದಿನ ಕೋಣೆಯಲ್ಲಿ. ಹತ್ತಿರದ ನಾರ್ವೆ ಎಂಬ ಊರಿನಿಂದ ಕೂಲಿ ಬಟವಾಡೆಯ ದಿನ ಬರುವ ತೋಟದ ಆಳುಗಳಿಂದ ಹಿಡಿದು ಎನ್.ಆರ್. ಪುರದ ಮೆಣಸಿನ ವ್ಯಾಪಾರಿ ಕರೀಂ ಸಾಹೇಬರವರೆಗೆ ಎಲ್ಲರೂ ಆ ಸಾಂಬಾರಿನ ಒಕ್ಕಲು. ಸಾಹೇಬರು ಸಂತೆ ದಿನ ಬರುತ್ತಿದ್ದರು. ಕಾಳುಮೆಣಸನ್ನು ಅಂಗೈಯಲ್ಲಿ ಉಜ್ಜಿ ಮೂಸಿ ಬೆಲೆ ಕಟ್ಟುವ ಆಸಾಮಿ. ಇಡ್ಲಿ ಮುಗಿದ ಮೇಲೂ ಬಟ್ಟಲು ಎತ್ತಿ ಸಾಂಬಾರನ್ನು ಕಾಫಿಯಂತೆ ಕುಡಿಯುತ್ತಿದ್ದರು.

ಭಟ್ಟರು ಅಡಿಗೆಯ ರುಚಿ ನೋಡುತ್ತಿರಲಿಲ್ಲ. ಹೋಟೆಲಾದರೂ ಅಡಿಗೆಮನೆಯಲ್ಲಿ ದೇವರ ಗೂಡು ಇತ್ತು. ಮೊದಲ ಇಡ್ಲಿ, ಮೊದಲ ಸೌಟು ಸಾಂಬಾರು ಅಲ್ಲಿಗೆ ನೈವೇದ್ಯ. ಅದಕ್ಕೆ ಮುಂಚೆ ನಾಲಿಗೆಗೆ ತಾಗಿಸಿದರೆ ಎಂಜಲು. ಹಾಗಾದರೆ ಹದ ಗೊತ್ತಾಗುವುದು ಹೇಗೆ? ಮೂಗಿನಿಂದ. ಕುದಿಯುವ ಪಾತ್ರೆಯ ಹಬೆಯಲ್ಲಿ ಒಂದು ಸಲ ಉಸಿರು ಎಳೆದುಕೊಂಡು, ಹುಣಸೆ ಇನ್ನೂ ಹಸಿ ಇದೆ, ಮೆಂತ್ಯ ಜಾಸ್ತಿ ಹುರಿದಿದೆ ಎಂದು ತಾವೇ ಗೊಣಗಿಕೊಳ್ಳುತ್ತಿದ್ದರು. ಉಪ್ಪು ಮಾತ್ರ ಕೈಯ ಅಳತೆ, ಅದು ತಪ್ಪಿದ್ದನ್ನು ನಾನು ಕಂಡಿಲ್ಲ.

ಅಂಥವರಿಗೆ ಒಂದು ಮಳೆಗಾಲದಲ್ಲಿ ಜ್ವರ ಬಂತು. ನೆಗಡಿ, ಜ್ವರ, ನಾಲ್ಕಾರು ದಿನ ಮಲಗಿದರು, ಎದ್ದರು. ಎದ್ದ ಮರುದಿನ ಹಾಲು ತಳ ಹಿಡಿಯಿತು. ಸೀದ ವಾಸನೆ ಹೊರಗಿನ ಬೆಂಚಿನವರೆಗೂ ಬಂದು ಗಿರಾಕಿಗಳೆಲ್ಲ ತಲೆ ಎತ್ತಿದರು. ನಾನು ಓಡಿಹೋಗಿ ಕಿಂಡಿಯಲ್ಲಿ ಇಣುಕಿದರೆ ಭಟ್ಟರು ಆ ಪಾತ್ರೆಯ ಪಕ್ಕದಲ್ಲೇ ನಿಂತು ಆರಾಮವಾಗಿ ಬಾಳೆಲೆ ಒರೆಸುತ್ತಿದ್ದಾರೆ.

"ಭಟ್ರೇ, ಹಾಲು!" ಎಂದೆ.

ಅವರು ಪಾತ್ರೆ ಇಳಿಸಿದರು. ಅದರ ಮೇಲೆ ಬಗ್ಗಿ ಉಸಿರೆಳೆದರು, ಮತ್ತೆ ಎಳೆದರು. ಆಮೇಲೆ ಇಂಗಿನ ಡಬ್ಬಿ ತೆಗೆದು ಮೂಗಿಗೇ ಹಿಡಿದರು. ಮುಖ ಬಿಳಿಚಿಕೊಂಡಿತು.

"ತಿಮ್ಮಾ, ನಂಗೆ ಎಂತದೂ ಬರ್ತಿಲ್ಲ. ಇಂಗೂ ಬರ್ತಿಲ್ಲ" ಎಂದರು.

ನೆಗಡಿ ಹೋದರೆ ಸರಿಯಾಗುತ್ತದೆ ಎಂದು ನಾನು ಹೇಳಿದೆ. ನೆಗಡಿ ಹೋಯಿತು, ವಾಸನೆ ಬರಲಿಲ್ಲ. ಊಟವೂ ಮಣ್ಣು ತಿಂದಂತೆ ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಮೂಗಿಗೆ ಬಿಡುವ ಔಷಧಿ ಕೊಟ್ಟರು, ಪಂಡಿತರು ಕಷಾಯ ಕೊಟ್ಟರು. ಯಾವುದೂ ಹತ್ತಲಿಲ್ಲ.

ಅದೇ ಹೊತ್ತಿಗೆ ನಮ್ಮ ಎದುರು ಸಾಲಿನಲ್ಲಿ ಹೊಸ ಹೋಟೆಲು ಶುರುವಾಗಿತ್ತು. ಕನ್ನಡಿ, ಟ್ಯೂಬ್‌ಲೈಟು, ರೇಡಿಯೋ ಎಲ್ಲ ಇದ್ದ ಹೋಟೆಲು. ಅಯ್ಯ ದಿನಾ ಬೆಳಿಗ್ಗೆ ಅತ್ತ ನೋಡಿ, "ನನ್ ಹತ್ರ ಎಂತ ಇದೆ? ಭಟ್ರ ಕೈ ಒಂದೇ" ಎನ್ನುತ್ತಿದ್ದರು. ಇದನ್ನು ಕೇಳಿಸಿಕೊಂಡ ಮೇಲೆ ಅಯ್ಯನಿಗೆ ವಿಷಯ ಹೇಳುವ ಧೈರ್ಯ ಭಟ್ಟರಿಗೆ ಹೇಗೆ ಬಂದೀತು? ಒಂದು ಬೆಳಿಗ್ಗೆ, ಅಯ್ಯ ಬರುವ ಮುಂಚೆ, ಭಟ್ಟರು ಕಿಂಡಿಯ ಆಚೆಯಿಂದ ನನ್ನನ್ನು ಕರೆದರು.

"ಅಯ್ಯಂಗೆ ಗೊತ್ತಾದ್ರೆ ಬೇರೆ ಭಟ್ರನ್ನ ತರ್ತಾರೆ. ತರ್ಲೇಬೇಕು, ತಪ್ಪು ಅವ್ರದ್ದಲ್ಲ. ಆದ್ರೆ ನಾನು ಎಲ್ಲಿಗೆ ಹೋಗ್ಲಿ ಹೇಳು? ಅಡಿಗೆಮನೆ ಬಿಟ್ರೆ ನಂಗೆ ಬೇರೆ ಮನೆ ಅಂತ ಇಲ್ಲ."

ಆಮೇಲೆ ಸೌಟಿನಲ್ಲಿ ಸಾಂಬಾರು ತುಂಬಿಕೊಂಡು ಕಿಂಡಿಯ ಹತ್ತಿರ ತಂದರು. "ಮೂಸು" ಎಂದರು.

ನಾನು ಹಿಂದೆ ಸರಿದೆ. ನೈವೇದ್ಯ ಆಗಿಲ್ಲ, ಅದೂ ನಾನು!

"ಹಬೆ ಯಾರಪ್ಪನ ಮನೆ ಆಸ್ತಿಯೂ ಅಲ್ಲ. ಮೂಗಿಗೆ ಮಡಿ ಇಲ್ಲ. ಮೂಸಿ ಹೇಳು" ಎಂದರು.

ನಾನು ಮೂಸಿ, "ಚೆನ್ನಾಗಿದೆ ಭಟ್ರೇ" ಎಂದೆ. ಅವರಿಗೆ ರೇಗಿತು. "ಚೆನ್ನಾಗಿದೆ ಅನ್ನೋದು ಗಿರಾಕಿ ಮಾತು. ನಂಗೆ ಎಂತ ಕಮ್ಮಿ ಅಂತ ಬೇಕು."

ಹುಡುಗರೇ, ನನ್ನ ವಿದ್ಯಾಭ್ಯಾಸ ಎಂದರೆ ಇದೇ. ಮೊದಮೊದಲು ನನಗೆ ಎಲ್ಲ ಒಂದೇ ಮುದ್ದೆಯಾಗಿ ಬರುತ್ತಿತ್ತು. ಭಟ್ಟರು ಒಂದೊಂದನ್ನೇ ಬಿಡಿಸಿ ಕಲಿಸಿದರು. ಕೊತ್ತಂಬರಿ ಹುರಿಯುವ ಮುಂಚೆ, ಹುರಿದ ಮೇಲೆ. ಹುಣಸೆಹುಳಿ ಹಸಿಯಾಗಿದ್ದಾಗ, ಕುದ್ದಾಗ. ಬೇಳೆ ಬೆಂದದ್ದು, ಬೇಯದ್ದು. ಪಾಪ, ತಮಗೆ ಬಾರದ ವಾಸನೆಯನ್ನು ನೆನಪಿನಿಂದ ಹೇಳುತ್ತಿದ್ದರು, ನಾನು ಮೂಗಿನಿಂದ ಹುಡುಕುತ್ತಿದ್ದೆ. ದೀಪಾವಳಿ ಬರುವ ಹೊತ್ತಿಗೆ ಸೌಟು ಕಿಂಡಿಗೆ ಬಂದ ಕೂಡಲೇ "ಹುಳಿ ಇನ್ನೊಂದು ಕುದಿ" ಎನ್ನುವಷ್ಟಾದೆ. ನಾನು ಮಲಗುತ್ತಿದ್ದದ್ದೂ ಹೋಟೆಲಿನ ಬೆಂಚಿನ ಮೇಲೆಯೇ, ದಿನಾ ಬೆಳಿಗ್ಗೆ ಅಯ್ಯ ಬಂದು ಬಾಗಿಲು ತೆಗೆಯುವ ಮುಂಚೆ ಈ ಕೆಲಸ ಮುಗಿದಿರುತ್ತಿತ್ತು. ಜನ ಬಂದರು, ತಿಂದರು, ಮತ್ತೆ ಬಂದರು. ಕರೀಂ ಸಾಹೇಬರು ಬಟ್ಟಲು ಎತ್ತಿ ಕುಡಿದರು.

ನನಗೆ ಈಗ ಹೆಚ್ಚು ನೆನಪಾಗುವುದು ಊಟದ ಗದ್ದಲ ಮುಗಿದ ಮಧ್ಯಾಹ್ನಗಳು. ಒಲೆಯ ಬೆಂಕಿ ಹಿಂದಕ್ಕೆ ಎಳೆದು, ಭಟ್ಟರು ಕಿಂಡಿಯ ಆಚೆ ಮಣೆ ಹಾಕಿಕೊಂಡು ಕೂರುತ್ತಿದ್ದರು. ನಾನು ಈಚೆ ಲೋಟ ಒರೆಸುತ್ತಿದ್ದೆ.

"ಡಿಕಾಕ್ಷನ್ ಇಳೀತಾ ಇದೆ. ಹ್ಯಾಗೆ ಬರ್ತಿದೆ ಹೇಳು" ಎನ್ನುತ್ತಿದ್ದರು.

ನಾನು ತೋಚಿದಂತೆ ಹೇಳುತ್ತಿದ್ದೆ. "ಮೊದ್ಲು ಸುಟ್ಟ ಹಾಗೆ ಬರ್ತದೆ ಭಟ್ರೇ. ಆಮೇಲೆ ಬೆಲ್ಲದ ಪಾಕದ ಹಾಗೆ. ಕೊನೇಲಿ ಕಹಿ ಬಂದು ಗಂಟಲಲ್ಲಿ ನಿಲ್ತದೆ."

"ಹೌದು ಹೌದು, ಗಂಟಲಲ್ಲಿ ನಿಲ್ತದೆ" ಎಂದು ಕಣ್ಣು ಮುಚ್ಚುತ್ತಿದ್ದರು. "ಇನ್ನೊಂದ್ಸಲ ಹೇಳು."

ತುಪ್ಪ ಕಾಯಿಸುವಾಗ, ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿ ತೆಗೆದಾಗ, ಕೆಸುವಿನ ಎಲೆಯ ಪತ್ರೊಡೆ ಬೇಯುವಾಗ ಇದೇ ಪ್ರಶ್ನೆ. ಒಬ್ಬ ಮನುಷ್ಯನಿಗೆ ತಾನೇ ಹಾಕಿದ ಒಗ್ಗರಣೆಯ ವಾಸನೆಗಾಗಿ ಅಷ್ಟು ಆಸೆ ಇರಬಹುದೆಂದು ನನಗೆ ಗೊತ್ತಿರಲಿಲ್ಲ. ಈಗ ಅನ್ನಿಸುತ್ತದೆ, ಅವರಿಗೆ ಹೇಳಬೇಕಿದ್ದರಿಂದಲೇ ನಾನು ಆ ಹೋಟೆಲನ್ನು ಅಷ್ಟು ಪೂರ್ತಿಯಾಗಿ ಮೂಸಿದೆ. ಇಲ್ಲದಿದ್ದರೆ ಅಲ್ಲಿ ಕೆಲಸ ಮಾಡಿದ ಉಳಿದವರಂತೆ ಬೆವರು ಒರೆಸಿಕೊಂಡು ಮರೆತುಬಿಡುತ್ತಿದ್ದೆ. ಈಗ ಮರೆಯೋಣವೆಂದರೂ ಆಗುವುದಿಲ್ಲ.

ಇನ್ನು ಆದ ಅನಾಹುತಕ್ಕೆ ಬರುತ್ತೇನೆ. ನನ್ನ ಅಕ್ಕನ ಮಗುವಿಗೆ ಹೆಸರಿಡುವುದಿತ್ತು, ಎರಡು ದಿನ ರಜೆ ಹಾಕಿ ಮುತ್ತಿನಕೊಪ್ಪಕ್ಕೆ ಹೋದೆ. ಹೋಗುವಾಗ ಭಟ್ಟರೇ "ಹೋಗಿ ಬಾ, ಕೈ ಅಳತೆ ಇದೆಯಲ್ಲ" ಎಂದು ಧೈರ್ಯ ಹೇಳಿದ್ದರು. ಆದರೆ ನಾನಿಲ್ಲದ ದಿನವೇ ಇಂಗು ಖಾಲಿಯಾಗಿ ಅಯ್ಯ ಬೇರೆ ಅಂಗಡಿಯಿಂದ ಹೊಸದನ್ನು ತರಿಸಿದ್ದರು. ಆ ಇಂಗು ಬಹಳ ಘಾಟು. ಭಟ್ಟರ ಬೆರಳು ದಿನದಷ್ಟೇ ಮುರಿದು ಹಾಕಿತು. ಅದು ಸಂತೆಯ ದಿನ ಬೇರೆ.

ನಮ್ಮ ಕಡೆಯ ಜನ ಚೆನ್ನಾಗಿಲ್ಲ ಎಂದು ಬಾಯಿಬಿಟ್ಟು ಹೇಳುವವರಲ್ಲ. "ಯಾಕೋ ಇವತ್ತು ಹಸಿವಿಲ್ಲ" ಎಂದು ತಟ್ಟೆ ಸರಿಸಿ ಎದ್ದು ಹೋಗುತ್ತಾರೆ. ಅದಕ್ಕೇ ಹೇಳುವುದು, ಸಪ್ಲೈಯರ್ ಆದವನು ಗಿರಾಕಿಯ ಮಾತು ಕೇಳಬಾರದು, ಅವನು ಬಿಟ್ಟುಹೋದ ತಟ್ಟೆ ನೋಡಬೇಕು. ಅಂದು ಸಾಯಂಕಾಲ ನಾನು ವಾಪಸು ಬಂದಾಗ ತೊಳೆಯಲು ಇಟ್ಟಿದ್ದ ಬಟ್ಟಲುಗಳಲ್ಲೆಲ್ಲ ಸಾಂಬಾರು ಹಾಗೆಯೇ ಇತ್ತು. ಕರೀಂ ಸಾಹೇಬರು ಮಾತ್ರ ಗಲ್ಲಾದ ಹತ್ತಿರ ನಿಂತು ಹೇಳಿದ್ದರಂತೆ, "ಅಯ್ಯಾ, ಬೇಜಾರು ಮಾಡ್ಕೋಬೇಡಿ. ಇವತ್ತಿನ ಸಾಂಬಾರು ನಿಮ್ ಹೋಟೆಲಿನದ್ದಲ್ಲ. ಭಟ್ರಿಗೆ ಹುಷಾರಿಲ್ವಾ ನೋಡಿ." ರುಚಿ ಕೆಟ್ಟದ್ದು ಅಯ್ಯನಿಗೆ ತಾನಾಗಿ ಗೊತ್ತಾಗುವ ಬಗೆ ಇರಲಿಲ್ಲ. ಅವರು ತಮ್ಮ ಹೋಟೆಲಿನಲ್ಲಿ ಕಾಫಿ ಬಿಟ್ಟು ಏನನ್ನೂ ಮುಟ್ಟುತ್ತಿರಲಿಲ್ಲ, ಮನೆ ಊಟದವರು.

ಮರುದಿನ ಬೆಳಿಗ್ಗೆ ಭಟ್ಟರು ಸೌಟು ಹಿಡಿದು ಕಿಂಡಿಗೆ ಬಂದರು. ನಾನು ಬಗ್ಗಿ ಮೂಸುತ್ತಿದ್ದೆ. ಹಿಂದೆ ಯಾರೋ ನಿಂತಂತಾಯಿತು. ಅಯ್ಯ! ಎಂದೂ ಇಲ್ಲದ್ದು ಅಷ್ಟು ಬೇಗ ಬಂದಿದ್ದರು.

"ಎಂತ ಇದು?" ಎಂದರು. ದನಿ ಏರಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

ಭಟ್ಟರೇ ಹೇಳಿದರು. "ಅವ್ನಿಗೆ ಬಯ್ಬೇಡಿ ಅಯ್ಯ. ಹೋದ ಮಳೆಗಾಲದಿಂದ ನನ್ ಮೂಗು ಇಲ್ಲ. ಇವ್ನು ವಾಸನೆ ಹೇಳ್ತಾನೆ, ನಾನು ಮಾಡ್ತೀನಿ. ನಿನ್ನೆ ಇವ್ನು ಇರ್ಲಿಲ್ಲ, ಹಂಗಾಯ್ತು."

ಭಟ್ಟರು ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟು, ಹೆಗಲ ಮೇಲಿನ ಪಂಚೆ ತೆಗೆದು ಕೈ ಒರೆಸಿಕೊಂಡರು. "ನಿನ್ನೆಯೇ ಬಟ್ಟೆ ಗಂಟು ಕಟ್ಟಿ ಇಟ್ಟಿದ್ದೀನಿ. ಇವತ್ತಿನ ಅಡಿಗೆ ಆಗಿದೆ. ನಾಳೆಗೆ ಬೇರೆಯೋರನ್ನ ನೋಡ್ಕೊಳ್ಳಿ."

"ಎಲ್ಲಿಗೆ ಹೋಗ್ತೀರಿ?"

ಭಟ್ಟರು ಬಗ್ಗಿ ಒಲೆಯ ಸೌದೆಯನ್ನು ಹಿಂದಕ್ಕೆ ಎಳೆದರು.

ಅಯ್ಯ ಅಂಗಿ ಕಳಚಿ ಗೂಟಕ್ಕೆ ಹಾಕಿದರು, ಕೈಕಾಲು ತೊಳೆದುಕೊಂಡು ಅಡಿಗೆಮನೆಯ ಒಳಗೆ ಹೋದರು. ಸೌಟು ಎತ್ತಿ ಒಂದಿಷ್ಟು ಸಾಂಬಾರು ಅಂಗೈಗೆ ಹಾಕಿಕೊಂಡು ಬಾಯಿಗೆ ಸುರಿದುಕೊಂಡರು. ದೇವರ ಗೂಡಿನ ಎದುರಿಗೇ.

"ಅಯ್ಯಾ, ನೈವೇದ್ಯ ಆಗ್ಲಿಲ್ಲ!" ಭಟ್ಟರು ಕೂಗಿದರು.

"ಗೊತ್ತು. ದೇವ್ರ ಹತ್ರ ನಾನು ಮಾತಾಡ್ಕೊಳ್ತೀನಿ. ಇಷ್ಟು ವರ್ಷ ದುಡಿದೋರನ್ನ ಬೀದಿಗೆ ಕಳ್ಸಿ ಆಮೇಲೆ ಅವ್ನಿಗೆ ನೈವೇದ್ಯ ಇಟ್ರೆ ಅವ್ನು ತಿಂತಾನಾ?" ಎಂದರು ಅಯ್ಯ. ಬಾಯಿ ಚಪ್ಪರಿಸಿ ಮುಖ ಹುಳ್ಳಗೆ ಮಾಡಿಕೊಂಡರು. "ನಂಗೆ ಎಂತದೂ ತಿಳೀತಿಲ್ಲ. ತಿಮ್ಮಾ, ಒಳಗೆ ಬಾ."

"ಒಳಗಾ?"

"ಇನ್ನೆಲ್ಲಿಗೆ? ಕಿಂಡೀಲಿ ನಿಂತು ಮೂಸಿದ್ರೆ ನಾಲಿಗೆ ರುಚಿ ಗೊತ್ತಾಗ್ತದಾ? ಕಾಲು ತೊಳ್ಕೊಂಡು ಬಾ."

ಕಾಲು ತೊಳೆದು ಹೊಸ್ತಿಲ ಹತ್ತಿರ ಹೋದೆ. ಕಾಲು ಎತ್ತಲು ಆಗಲಿಲ್ಲ, ನಿಜ ಹೇಳುತ್ತೇನೆ. ಭಟ್ಟರು ಬಂದು ಮೊಣಕೈ ಹಿಡಿದು ಎಳೆದುಕೊಂಡರು. ಆ ಅಡಿಗೆಮನೆ ಕಿಂಡಿಯಿಂದ ಕಂಡದ್ದಕ್ಕಿಂತ ಚಿಕ್ಕದಾಗಿತ್ತು. ಅಯ್ಯ ನನ್ನ ಅಂಗೈಗೆ ಸಾಂಬಾರು ಹಾಕಿ, "ಬಿಸಿ ಇದೆ, ನಿಧಾನ" ಎಂದರು. ಅಷ್ಟು ದಿನ ಮೂಗಿನಲ್ಲೇ ಇದ್ದದ್ದು ನಾಲಿಗೆಗೆ ಬಂತು. ಭಟ್ಟರು ಕೈ ಕಟ್ಟಿಕೊಂಡು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು. ಚೆನ್ನಾಗಿದೆ ಎಂದು ಕಾಲಿಗೆ ಬೀಳಬೇಕು ಎನ್ನಿಸಿತು. ಆದರೆ ಅವರಿಗೆ ಬೇಕಾದದ್ದು ಆ ಮಾತಲ್ಲ.

"ಒಂಚೂರು ಬೆಲ್ಲ ಕಮ್ಮಿ ಭಟ್ರೇ" ಎಂದೆ.

ಭಟ್ಟರ ಕೈ ಬೆಲ್ಲದ ಡಬ್ಬಿಗೆ ಹೋಯಿತು. ಅಯ್ಯ ಅಂಗಿ ಹಾಕಿಕೊಂಡು ಹೊರಗೆ ಹೋಗಿ ಬಾಗಿಲು ತೆಗೆದರು. ಶೃಂಗೇರಿ ಬಸ್ಸಿನವರು ಆಗಲೇ ಒಳಗೆ ಬರುತ್ತಿದ್ದರು.

ಭಟ್ಟರ ಕಾಲ ಮುಗಿಯುವವರೆಗೂ ಅವರು ಅಲ್ಲೇ ಇದ್ದರು, ಅವರು ಹೋದ ಮೇಲೆ ಅಯ್ಯನಿಗೂ ಹೋಟೆಲು ನಡೆಸುವ ಮನಸ್ಸು ಉಳಿಯಲಿಲ್ಲ. ನಾನು ಎನ್.ಆರ್. ಪುರ, ಬಾಳೆಹೊನ್ನೂರು ಎಂದು ಎಷ್ಟೋ ಹೋಟೆಲುಗಳಲ್ಲಿ ಬಡಿಸಿದೆ. ಗ್ಯಾಸು ಬಂತು, ರುಬ್ಬುವ ಮೆಷಿನ್ನು ಬಂತು, ಈಗ ಯಾವ ಅಡಿಗೆಮನೆಗೆ ಬೇಕಾದರೂ ನಾನು ನುಗ್ಗಬಹುದು, ಯಾರೂ ತಡೆಯುವುದಿಲ್ಲ. ಒಳ್ಳೆಯದೇ ಆಯಿತು. ಮನೆಯಲ್ಲಿ ಸೊಸೆ ಹೊಟ್ಟೆ ತುಂಬ ಊಟ ಹಾಕುತ್ತಾಳೆ, ಕೊರತೆ ಹೇಳಿದರೆ ನಾಲಿಗೆಯಲ್ಲಿ ಹುಳ ಬಿದ್ದೀತು. ಆದರೂ ಬೆಳಿಗ್ಗೆ ಎದ್ದು ಹಸಿವಾದಾಗ ನನಗೆ ಬೇಕೆನ್ನಿಸುವುದು ಅಂದಿನ ಆ ಒಂದು ಅಂಗೈ ಸಾಂಬಾರು. ಅಂಗೈ ಸುಡುತ್ತಿತ್ತು, ಕೆಳಗೆ ಹನಿ ಬೀಳಬಾರದೆಂದು ನಾನು ಬೆರಳುಗಳನ್ನು ಬಿಗಿಯಾಗಿ ಹಿಡಿದಿದ್ದೆ, ಇಬ್ಬರು ದೊಡ್ಡವರು ನನ್ನ ಮಾತಿಗೆ ಕಾಯುತ್ತಿದ್ದರು.